ಹಿಂದೆ ನಿಲ್ಲುವವನು
ಆಟಿಕೆ ಅಂಗಡಿಯಲ್ಲಿ ಇಲ್ಲದ ಲೋಕವನ್ನು ಕಣ್ಣಿಗೆ ಕಟ್ಟುವ ವಿ.ಆರ್. ಕನ್ನಡಕ ತೊಡಿಸುವವನ ನಿಜವಾದ ಕೆಲಸ ಗಿರಾಕಿಯ ಬೆನ್ನ ಹಿಂದೆ ಕೈಚಾಚಿ ನಿಲ್ಲುವುದು. ಕನ್ನಡಕದೊಳಗಿನ ಬೆಟ್ಟದ ತುದಿ ಕಂಡು ದಪ್ಪ ಮೀಸೆಯವರೂ ಚೀರಿದಾಗ, "ಹೆದರ್ಬೇಡಿ ಸಾರ್, ಹಿಂದೆ ನಾನಿದ್ದೀನಿ" ಎನ್ನುತ್ತಾನೆ. ಗೋಡೆ ಹತ್ತಿರವಾಯಿತೆಂದು ಕನ್ನಡಕದ ಸೆನ್ಸರ್ ಕೂಗುವುದಕ್ಕೆ ಮೊದಲೇ ಅವನ ಕೈ ಅಲ್ಲಿರುತ್ತದೆ. ಈ ಚಾಳಿ ಮನೆಗೂ ಬಂದಿದೆ; ಸ್ಟೂಲು ಹತ್ತಿದ ಹೆಂಡತಿಯ ಹಿಂದೆ ನಿಂತು ಅದೇ ಮಾತು ಹೇಳಿ, "ರೀ, ನಾನೇನು ನಿಮ್ಮ ಗಿರಾಕೀನಾ?" ಎಂದು ಬೈಸಿಕೊಳ್ಳುತ್ತಾನೆ. ಆದರೆ ಕಾಲಿನ ಆಪರೇಷನ್ ಆದ ಪುಟ್ಟ ಮಗಳು ಮೊನ್ನೆ ಊರುಗೋಲು ಬಿಟ್ಟು ಎದ್ದಾಗ ಅವನೇ ಹೆದರಿದ. ಕೈಚಾಚಿ ಅವಳ ಹಿಂದೆ ಹಿಂದೆ ನಡೆದ. ಅವಳು ಅಡುಗೆಮನೆಯ ಹೊಸ್ತಿಲು ದಾಟಿ ತಿರುಗಿ, "ಹೆದರ್ಬೇಡ ಅಪ್ಪಾ, ಮುಂದೆ ನಾನಿದ್ದೀನಿ" ಅಂದಳು. ಯಾರನ್ನೂ ಬೀಳಗೊಡದವನು ನಗುತ್ತಾ ದೊಪ್ಪನೆ ನೆಲಕ್ಕೆ ಕುಸಿದ.