ಕಾಕಾನ ನೋಟೀಸು, ಗುರಪ್ಪನ ಜವಾಬು

ಬನಹಟ್ಟಿ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ನಮ್ಮ ಕಾಕಾನ ಹಿತ್ತಿಲ ಮನೆಯಲ್ಲಿ ಮಗ್ಗ ಹಾಕಿಕೊಂಡಿದ್ದ ನೇಕಾರ ಗುರಪ್ಪ ನಾಲ್ಕು ತಿಂಗಳಿಂದ ಬಾಡಿಗೆ ಕೊಟ್ಟಿರಲಿಲ್ಲ. ಮಗ್ಗ ಕಿತ್ತು ಬೀದಿಗಿಡುತ್ತೇನೆಂದು ಹಾರಾಡುತ್ತಿದ್ದ ಕಾಕಾನಿಗೆ ಜಮಖಂಡಿಯ ವಕೀಲರು, "ಮುಂಬೈ ಸರಕಾರದ ಕಾಯ್ದೆ ಐತ್ರಿ. ಮೊದಲ ನೋಟೀಸ್ ಕೊಡ್ರಿ, ತಿಂಗಳತನಕ ಕಾಯ್ರಿ" ಎಂದರು. ನಮ್ಮ ಓಣಿಯಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ.

"ಇಂಗ್ಲಿಷಿನ್ಯಾಗ ಬರಿಯವ್ವಾ, ಅಂವಾ ಅಂಜಬೇಕು" ಎಂದ ಕಾಕಾ. ಬರೆದೆ.

ಮರುದಿನ ಗುರಪ್ಪ ಅದನ್ನೇ ಹಿಡಿದು ಹಿತ್ತಿಲ ಬಾಗಿಲಿಗೆ ಬಂದ. "ಅಕ್ಕಾರ, ಏನ್ ಬರದೀರಿ, ನೀವ ಓದಿ ಹೇಳ್ರಿ."

ತಲೆ ತಗ್ಗಿಸಿ ಓದಿ ಹೇಳಿದೆ.

"ತಿಂಗಳದಾಗ ಕೊಟ್ರ ಮನಿ ಬಿಡಸಾಕ ಬರೂದಿಲ್ಲ? ಹಂಗಾರ ಕೊಡ್ತೇನಂತ ಬರೀರಿ. ಮಾಳಿಗಿ ಸೋರಿ ಮಗ್ಗದ ಹಾಸಿನ ನೂಲು ತೋಯ್ದದ್ದೂ ಬರೀರಿ. ಇಂಗ್ಲಿಷಿನ್ಯಾಗ ಇರ್ಲಿ, ಸಾವಕಾರ್ರೂ ತುಸು ಅಂಜ್ಲಿ."

ಅದನ್ನೂ ಬರೆದುಕೊಟ್ಟೆ.

ಸಂಜೆ ಕಾಕಾ ಆ ಜವಾಬು ತಂದು ನನ್ನ ಮುಂದೆಯೇ ಹಿಡಿದ. ಓದಿದೆ. ಕಾಕಾ ಹಿತ್ತಿಲ ಮಾಳಿಗೆಯತ್ತ ನೋಡಿ, "ಮಾಳಿಗಿ ಮ್ಯಾಲೆ ಮಣ್ಣು ಹಾಕಸೂಣು ಬಿಡು. ಯಾವ ವಕೀಲ ಬರದಾನೋ, ನಮ್ಮಂವಗಿಂತ ಶಾಣ್ಯಾ ಅದಾನ" ಎಂದ.

ಗುರಪ್ಪ ಗಡುವಿನೊಳಗೆ ಬಾಡಿಗೆ ತೀರಿಸಿದ. ಎರಡೂ ಕಡೆಯಿಂದ ನನಗೆ ಬರಬೇಕಾದ ಫೀಸು ಮಾತ್ರ ಇನ್ನೂ ಬಾಕಿ ಇದೆ. ನೋಟೀಸು ಕೊಡಲು ಸಂಕೋಚ.