ಗಂಗಾಧರನೂ ಮೂರನೇ ಗಾಡಿಯ ಪಂಪೂ

ಗಂಗಾಧರನ ಬಗ್ಗೆ ಒಳ್ಳೇ ಮಾತು ಬೇಕಿದ್ದರೆ ಬೇರೆ ಯಾರನ್ನಾದರೂ ಕೇಳಿ. ಕಡಲಾಚೆಯ ಈ ಕ್ಲಾಂಗ್ ಬಂದರಿನ ಸುತ್ತ ಕನ್ನಡ ಬಲ್ಲವರೆಲ್ಲ ಹೇಳುತ್ತಾರೆ. ನನ್ನ ಹೆಂಡತಿ ಸರೋಜಳಂತೂ ಒಲೆ ಮೇಲೆ ಹಾಲು ಉಕ್ಕುತ್ತಿದ್ದರೂ ಅವನ ಗುಣಗಾನ ನಿಲ್ಲಿಸುವುದಿಲ್ಲ. ನಾನು ಹೇಳಿದರೆ ಹೊಟ್ಟೆಕಿಚ್ಚಿನಿಂದಲೇ ಹೇಳಬೇಕು. ಸುಳ್ಳು ಯಾಕೆ ಹೇಳಲಿ?

ನಾನು ಸುಬ್ರಾಯ, ಹೊನ್ನಾವರದವನು. ಚಂದ್ರಮ್ಮನವರ ಸಾಗಣೆ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಮೆಕ್ಯಾನಿಕ್. ಗಂಡ ತೀರಿಕೊಂಡ ಮೇಲೆ ಆಯಮ್ಮ ಒಬ್ಬರೇ ನಿಂತು ನಾಲ್ಕು ಡೀಸೆಲ್ ಪಿಕಪ್ ಓಡಿಸುತ್ತಾರೆ. ಬಂದರಿಗೆ ಬಂದ ಯಂತ್ರದ ಬಿಡಿಭಾಗಗಳನ್ನು ಪೆಟಾಲಿಂಗ್ ಜಯಾಕ್ಕೆ, ಬಯಾನ್ ಲೆಪಾಸಿನ ಕಾರ್ಖಾನೆಗಳಿಗೆ ಮುಟ್ಟಿಸುವ ಕೆಲಸ. ಆ ನಾಲ್ಕೂ ಗಾಡಿಗಳ ಕೆಮ್ಮು ನೆಗಡಿ ಎಲ್ಲ ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಈ ಗಂಗಾಧರ ಬಂದ. ಹಾವೇರಿ ಕಡೆಯವನು, ಐವತ್ತು ದಾಟಿದೆ. ಊರಲ್ಲಿ ಟ್ರ್ಯಾಕ್ಟರ್ ಪಂಪು ಬಿಚ್ಚಿ ಜೋಡಿಸಿ ಕೆಲಸ ಕಲಿತವನು, ಆಮೇಲೆ ಜೊಹೋರಿನ ತಾಳೆ ತೋಟಗಳ ಲಾರಿ ನೋಡಿಕೊಂಡಿದ್ದವನು. ಮಾತು ಕಡಿಮೆ. ಗಾಡಿ ಕೆಟ್ಟು ಬಂದರೆ ಬಾನೆಟ್ ಎತ್ತುವುದೇ ಇಲ್ಲ ಮಾರಾಯ! ಮೊದಲು ಡ್ರೈವರನ್ನು ಪಕ್ಕದ ಮಾಮಕ್ ಅಂಗಡಿಗೆ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿಗೆ, ಕರೆದುಕೊಂಡು ಹೋಗಿ, ಕಪ್ಪು ಕಾಫಿ ಕೊಡಿಸಿ, ಅರ್ಧ ಗಂಟೆ ಪ್ರಶ್ನೆ ಕೇಳುತ್ತಾನೆ. ಎಲ್ಲಿ ನಿಂತಿತು, ನಿಲ್ಲುವ ಮುಂಚೆ ಸದ್ದು ಹೇಗಿತ್ತು, ಮತ್ತೆ ಎಷ್ಟು ಹೊತ್ತಿಗೆ ಹತ್ತಿತು. ಹೆಣ್ಣು ನೋಡಲು ಬಂದವರೂ ಅಷ್ಟು ವಿಚಾರಿಸುವುದಿಲ್ಲ. ನಾನಾದರೆ ಅಷ್ಟರಲ್ಲಿ ಅರ್ಧ ಎಂಜಿನ್ ಬಿಚ್ಚಿರುತ್ತೇನೆ. ಆದರೂ ಬಂದ ಆರೇ ತಿಂಗಳಲ್ಲಿ ಅವನು ಎಲ್ಲರಿಗೂ ಗಂಗಣ್ಣ ಆದ. ನಾನು ಬರೀ ಸುಬ್ರಾಯನಾಗೇ ಉಳಿದೆ.

ಅದನ್ನೂ ಸಹಿಸಿದೆ. ಈ ಸಲದ ಆಯುಧಪೂಜೆಯದ್ದು ಮಾತ್ರ ಸಹಿಸಲಾಗಲಿಲ್ಲ. ಪ್ರತಿ ವರ್ಷ ಗಾಡಿಗಳ ಮುಂದೆ ಬೂದುಗುಂಬಳಕಾಯಿ ಒಡೆಯುವವನು ನಾನು. ಈ ಸಲ ಚಂದ್ರಮ್ಮ, "ಗಂಗಣ್ಣ ಒಡೀಲಿ ಸುಬ್ರಾಯ, ಪ್ರತಿ ಸಲ ನೀವೇ ಅಲ್ವಾ?" ಅಂದುಬಿಟ್ಟರು. ಎಲ್ಲರ ಎದುರಿಗೆ. ಆ ಕಾಯಿ ನನ್ನ ತಲೆ ಮೇಲೇ ಒಡೆದ ಹಾಗಾಯಿತು. ಇರಲಿ, ಪೂಜೆ ಅಂದರೆ ಏನು ಅಂತ ತೋರಿಸುತ್ತೇನೆ ಅಂತ ಅರಿಶಿನದ ಅಕ್ಷತೆ, ಸೇವಂತಿಗೆ ಹಿಡಿದು ನನ್ನ ಪ್ರೀತಿಯ ಮೂರನೇ ಗಾಡಿಯ ಹತ್ತಿರ ಹೋದೆ. ಚಕ್ರಕ್ಕೆ ನಿಂಬೆಹಣ್ಣು, ಸ್ಟೀರಿಂಗಿಗೆ ಕುಂಕುಮ. ಅಷ್ಟು ಸಾಲದು ಅಂತ ಡೀಸೆಲ್ ಟ್ಯಾಂಕಿನ ಮುಚ್ಚಳವನ್ನೂ ತೆಗೆದು, ಅದರ ಬಾಯಿಗೂ ಹೂವು ಅಕ್ಷತೆ ಏರಿಸಿದೆ. "ಹೊಟ್ಟೆ ತುಂಬಿದ್ರೆ ತಾನೇ ಗಾಡಿ ಓಡೋದು!" ಅಂತ ಜೋರಾಗಿಯೇ ಹೇಳಿದೆ. ಚಂದ್ರಮ್ಮ ಈ ಕಡೆ ತಿರುಗಲಿಲ್ಲ. ಎಲ್ಲರೂ ಕುಂಬಳಕಾಯಿ ನೋಡುತ್ತಿದ್ದರು.

ಮೂರು ವಾರ ಕಳೆಯಿತು. ಮೂರನೇ ಗಾಡಿ ಕೈಕೊಡಲು ಶುರುಮಾಡಿತು. ಅದರ ಡ್ರೈವರ್ ಮುನಿಯಾಂಡಿ ಇಲ್ಲೇ ಹುಟ್ಟಿದ ತಮಿಳಿನವನು, ನಮ್ಮ ಜೊತೆ ಇದ್ದೂ ಇದ್ದೂ ಕನ್ನಡ ಕಲಿತವನು, ಮಾತಿನ ಕೊನೆಗೆ ಇಲ್ಲಿಯವರು ಸೇರಿಸುವ 'ಲಾ' ಮಾತ್ರ ಬಿಟ್ಟಿಲ್ಲ. "ಈಪೋ ಊರು ದಾಟಿ ಏರು ಹತ್ತುವಾಗ ಎಳೆಯೋದೇ ಇಲ್ಲ ಲಾ. ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತೆ" ಅಂದ. ನಾನು ಸ್ಕ್ಯಾನರ್ ಹಾಕಿ ನೋಡಿದೆ. ಎಂಜಿನ್ ಎಳೆದಾಗ ಡೀಸೆಲ್ ಒತ್ತಡ ಕುಸಿಯುತ್ತಿತ್ತು. ಫಿಲ್ಟರ್ ಬದಲಿಸಿದೆ, ಉಪಯೋಗವಾಗಲಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆಯುವುದರಲ್ಲಿ ಇನ್ನೇನು ಉಳಿಯಿತು? ಪಂಪು.

ಆಗ ನಮ್ಮಲ್ಲಿ ಹೊಸ ಶೆಡ್ ಕಟ್ಟಿ ಮುಗಿದಿತ್ತು. ಅದರ ಉಸ್ತುವಾರಿ ನಮ್ಮಿಬ್ಬರಲ್ಲಿ ಒಬ್ಬನಿಗೆ ಅಂತ ಚಂದ್ರಮ್ಮ ಹೇಳಿದ್ದರು. ಅದರ ಕೀಗೊಂಚಲು ಅವರ ಮೇಜಿನ ಮೇಲೇ ಇರುತ್ತಿತ್ತು. ನನ್ನ ಕಣ್ಣು ದಿನಾ ಅದರ ಮೇಲೆ. ಇದೇ ಸಮಯ ಅಂತ ಹೇಳಿಯೇಬಿಟ್ಟೆ: "ಪಂಪೇ ಹೋಗಿರೋದು ಅಮ್ಮಾ, ಹೊಸದು ತರಿಸಿ. ನನ್ನ ಮಾತು ತಪ್ಪಾದ್ರೆ ಶೆಡ್ಡಿನ ಕೀ ಗಂಗಾಧರನಿಗೇ ಕೊಟ್ಟುಬಿಡಿ."

"ಆಯ್ತು, ತರಿಸೋಣ. ಗಂಗಣ್ಣ ಒಂದ್ಸಲ ನೋಡ್ಲಿ" ಅಂದರು. 

ಗಂಗಣ್ಣ ನೋಡಿದನೇ? ಇಲ್ಲ. ಮುನಿಯಾಂಡಿಯನ್ನು ಕರೆದುಕೊಂಡು ಕಾಫಿಗೆ ಹೋದ. ವಾಪಸ್ ಬಂದು ನನ್ನನ್ನು ಕೇಳಿದ: "ಸುಬ್ರಾಯಣ್ಣ, ಗಾಡಿ ಕಾಲು ಗಂಟೆ ಸುಮ್ಮನ ನಿಂತ್ರ ತಾನಾಗೇ ಸುದ್ದ ಆಗತೈತಂತ. ಕೆಟ್ಟ ಪಂಪು ನಿದ್ದಿ ಮಾಡಿ ಎದ್ದ ಕೂಡ್ಲೆ ಹೆಂಗ ಆರಾಮ ಆಗತೈತ್ರೀ?"

 "ಅದೆಲ್ಲ ಹಾಗೇ ಮಾರಾಯ" ಅಂದೆ.

ಅವನು ಗಾಡಿಯ ಹಿಂಭಾಗದಲ್ಲಿ ಶುದ್ಧ ಡೀಸೆಲ್ ತುಂಬಿದ ಕ್ಯಾನ್ ಕಟ್ಟಿದ. ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪು ಕಳಚಿ, ಉದ್ದ ಪೈಪಿನಿಂದ ಕ್ಯಾನನ್ನೇ ಪಂಪಿಗೆ ಜೋಡಿಸಿದ. ಪಂಪು ಕೆಟ್ಟಿದ್ದರೆ ಈಗಲೂ ನಿಲ್ಲಬೇಕು, ನಿಲ್ಲದಿದ್ದರೆ ತೊಂದರೆ ಟ್ಯಾಂಕಿನದು. ಇಷ್ಟು ಸುಲಭದ ಉಪಾಯ ನನಗ್ಯಾಕೆ ಹೊಳೆಯಲಿಲ್ಲ ಅಂತ ಕೈ ಹಿಸುಕಿಕೊಂಡೆ. ಲೋಡ್ ಹೇರಿ ಕಾರಾಕ್ ಹೆದ್ದಾರಿಯ ಏರಿಗೆ ಹೊರಟೆವು. ನಾನು ದಾರಿಯುದ್ದಕ್ಕೂ ಬೇಡಿಕೊಂಡೆ: ನಿಲ್ಲು, ತಾಯಿ, ಒಂದೇ ಒಂದು ಸಲ ನಿಲ್ಲು. ನಾನೇ ಪೂಜೆ ಮಾಡಿದ ಗಾಡಿ ಕೆಡಲಿ ಅಂತ ನಾನೇ ಬೇಡುತ್ತಿದ್ದೆ ನೋಡಿ! ಹಾಳಾದ್ದು ನಿಲ್ಲಲೇ ಇಲ್ಲ. ಬೆಟ್ಟವನ್ನು ಗುಟುರು ಹಾಕಿಕೊಂಡು ಹತ್ತಿತು. ಗಂಗಾಧರ ಗೆದ್ದೆ ಅಂತ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಟ್ಯಾಂಕ್ ಇಳಿಸಿದೆವು. ಒಳಗೆ ಪೈಪಿನ ಬಾಯಿಗಿದ್ದ ಜಾಲರಿಯನ್ನು ಗಂಗಾಧರ ಹೊರಗೆ ಎಳೆದ. ಕೊಳೆತ ಹೂವಿನ ಎಸಳುಗಳು ಅದಕ್ಕೆ ಮೆತ್ತಿಕೊಂಡಿದ್ದವು. ನಡುವೆ ಅಕ್ಕಿಕಾಳು. ಡೀಸೆಲಿನಲ್ಲಿ ಮೂರು ವಾರ ನೆನೆದರೂ ಅರಿಶಿನದ ಬಣ್ಣ ಹೋಗಿರಲಿಲ್ಲ. ಎಂಜಿನ್ ಜೋರಾಗಿ ಎಳೆದಾಗ ಇವೆಲ್ಲ ಬಂದು ಜಾಲರಿಯ ಬಾಯಿ ಮುಚ್ಚುತ್ತಿದ್ದವು, ಗಾಡಿ ನಿಂತಾಗ ಕೆಳಗೆ ಉದುರುತ್ತಿದ್ದವು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಳ್ಳ ಅನ್ನುವ ಮೊದಲೇ ನನ್ನ ಕೈ ಹೆಗಲಿಗೆ ಹೋಗಿತ್ತು. ಗಂಗಾಧರ ನನ್ನ ಮುಖ ನೋಡಿದ, ಜಾಲರಿ ನೋಡಿದ. ಅಷ್ಟರಲ್ಲಿ ಚಂದ್ರಮ್ಮನ ಚಪ್ಪಲಿ ಸದ್ದು ಕೇಳಿತು. ಅವನು ಗಬಕ್ಕನೆ ಅಂಗೈಯಿಂದ ಎಲ್ಲ ಬಳಿದು ಹಳೇ ಬಟ್ಟೆಯೊಳಗೆ ಸುತ್ತಿಬಿಟ್ಟ.

"ಏನಂತೆ ಗಂಗಣ್ಣ? ಪಂಪಾ?"

"ಪಂಪು ಚಲೋ ಐತ್ರೀ ಅಕ್ಕಾರ. ಟ್ಯಾಂಕಿನ್ಯಾಗ ಕಸ ಇತ್ತು. ಹಳೇ ಗಾಡಿ, ಎಲ್ಲಿಂದರ ಬರತೈತಿ."

ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಮಾತು ತಪ್ಪಾಗಿದ್ದಕ್ಕೆ ಕೀ ಹೇಗೂ ಹೋಗಿತ್ತು, ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ಆ ಮರ್ಯಾದೆ ಅವನು ಕೊಟ್ಟ ಭಿಕ್ಷೆ! ಗಾಡಿಯಲ್ಲೂ ಅವನೇ ಮೇಲು, ಈಗ ದೊಡ್ಡತನದಲ್ಲೂ ಅವನೇ ಮೇಲಾಗಬೇಕಾ? ನನಗೆ ತಡೆಯಲಾಗಲಿಲ್ಲ.

"ಕಸ ಅಲ್ಲ ಅಮ್ಮಾ, ಅಕ್ಷತೆ! ಆ ಬಟ್ಟೆ ಬಿಚ್ಚಿ ನೋಡಿ. ಆಯುಧಪೂಜೆ ದಿನ ಟ್ಯಾಂಕಿಗೆ ಹಾಕಿದವನು ನಾನು. ಕುಂಬಳಕಾಯಿ ಇವನಿಗೆ ಕೊಟ್ರಲ್ಲಾ, ಆ ಹೊಟ್ಟೆಕಿಚ್ಚಿಗೆ!"

ಚಂದ್ರಮ್ಮ ಬಟ್ಟೆ ಬಿಚ್ಚಿ ನೋಡಿದರು. ತುಟಿ ಕಚ್ಚಿಕೊಂಡು ನಗು ತಡೆದರು. ಒಳಗೆ ಹೋಗಿ ಕೀಗೊಂಚಲು ತಂದು ಗಂಗಾಧರನ ಕೈಗೆ ಹಾಕಿದರು. "ಸುಬ್ರಾಯ, ಮುಂದಿನ ವರ್ಷದಿಂದ ನೀವು ಗಾಡಿ ಪೂಜೆಗೆ ಕೈ ಹಾಕಬೇಡಿ" ಅಂದರು.

ಗಂಗಾಧರ ಕೀ ಜೇಬಿಗೆ ಇಳಿಸಿ, ಕೈ ಒರೆಸಿಕೊಂಡ.

"ಹಂಗನಬ್ಯಾಡ್ರಿ ಅಕ್ಕಾರ. ಪೂಜಿನೂ ಸುಬ್ರಾಯಣ್ಣಾರೇ ಮಾಡ್ಲಿ, ಕುಂಬಳಕಾಯೂ ಅವ್ರೇ ಒಡೀಲಿ. ಟ್ಯಾಂಕಿನ ಮುಚ್ಚಳ ಮಾತ್ರ ನಾ ಗಟ್ಟಿ ಹಿಡ್ಕೊಂಡು ನಿಂತಿರ್ತೀನಿ."

ಅಷ್ಟರಲ್ಲಿ ಸುತ್ತ ಸೇರಿದ್ದ ಡ್ರೈವರುಗಳೂ ಸೇರಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಮನೆಗೆ ಹೋಗಿ ಸರೋಜಳಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. "ಪಾಪ, ಎಂಥ ಒಳ್ಳೇ ಮನುಷ್ಯ ಗಂಗಣ್ಣ!" ಅಂದಳು.

ತಪ್ಪು ಒಪ್ಪಿಕೊಂಡವನು ನಾನು ಕಣೇ!