ಜಲಪಾತದ ಕೆಳಗೆ ಹಿಡಿದ ಸೀರೆ

ತೆಲಂಗಾಣ ರಾಜ್ಯವಾದ ವರ್ಷ, ದಸರೆಗೆ ಮುಂಚಿನ ಒಂದು ಮಧ್ಯಾಹ್ನ, ನಲ್ಲಮಲ ಅಡವಿಯ ಮಲ್ಲೆಲ ತೀರ್ಥದಲ್ಲಿ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಜಲಪಾತ ನನ್ನಿಂದ ಹತ್ತು ಹೆಜ್ಜೆ ದೂರವಿತ್ತು.

ನಮ್ಮನ್ನು ಅಲ್ಲಿಗೆ ಕರೆತಂದವರು ನಾರಾಯಣಪೇಟೆಯ ನಮ್ಮ ಪಕ್ಕದ ಮನೆಯ ನೇಕಾರರು. "ಬಣ್ಣ ಬಿಟ್ರ ಮಗ್ಗ ಮುರೀತೀನ್ರಿ" ಎಂಬುದು ಅವರ ಮಾತು. ಬಕೀಟಿನಲ್ಲಿ ನೆನೆಸಿದ ಸೀರೆಯನ್ನು ತಾವು ಉಟ್ಟ ಬಿಳಿ ಧೋತರದ ಮೇಲೆ ಹಿಂಡಿ ತೋರಿಸುವುದು ರೂಢಿ. ಹಬ್ಬಕ್ಕೆ ಇಪ್ಪತ್ತು ಸೀರೆ ಕೊಳ್ಳಲೋ ಬೇಡವೋ ಎನ್ನುತ್ತಿದ್ದ ಗದ್ವಾಲದ ವ್ಯಾಪಾರಿಯೂ ನೇಕಾರರ ಹೆಂಡತಿಯೂ ಜೊತೆಗಿದ್ದರು.

"ಬಕೀಟಿನ ನೀರಾಗ ಯಾರ ಬಣ್ಣಾನೂ ಹೋಗಂಗಿಲ್ಲ ಬಿಡ್ರಿ ಮಾಮಾ" ಎಂದು ವ್ಯಾಪಾರಿ ಕೆಣಕಿದರು.

ನೇಕಾರರು ಚೀಲದಿಂದ ಕೆಂಪು ಸೀರೆ ತೆಗೆದು ಸೀದಾ ಜಲಪಾತದ ಕೆಳಗೆ ನಿಂತರು. ನೀರು ಸೀರೆಯನ್ನು ಎಳೆಯಿತು. ಅವರು ಬಿಡಲಿಲ್ಲ, ಜಾರಿ ಕುಳಿತರು. ಎದ್ದಾಗ ಸೀರೆ ಮೈಗೆ ಸುತ್ತಿಕೊಂಡಿತ್ತು. ಧೋತರ ನೀರಲ್ಲಿ ತೇಲಿಹೋಗುತ್ತಿತ್ತು.

"ಧೋತ್ರ ಹಿಡೀರಿ! ಸಾಕ್ಷಿ ಹೊಂಟೈತಿ!" ಎಂದು ಕೂಗಿದರು.

ವ್ಯಾಪಾರಿ ಓಡಿ ಹಿಡಿದು, ಬಿಸಿಲಿಗೆ ಎತ್ತಿ ಎರಡೂ ಬದಿ ನೋಡಿದರು. ಅಚ್ಚ ಬಿಳಿ.

"ಇಪ್ಪತ್ತೂ ನಂದೇ ಮಾಮಾ. ಮೊದಲು ಇದನ್ನ ಉಟ್ಕೋರಿ."

ಕಂಡವರಲ್ಲಿ ಈಗ ಉಳಿದಿರುವವರು ನಾನು, ಆ ವ್ಯಾಪಾರಿ ಮತ್ತು ನೇಕಾರರ ಹೆಂಡತಿ. ಕೇಳಿದರೆ ಆಕೆ, "ನಾ ಆಗ ಮಂಗ್ಯಾಗಳ್ನ ನೋಡಾಕತ್ತಿದ್ದೆರೀ" ಎನ್ನುತ್ತಾರೆ.